ಡಚ್ ಪೋಲ್ಡರ್‌ಗಳ ಅಲಂಕೃತ ತಾಮ್ರಕೆತ್ತನೆ ನಕ್ಷೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನೆದರ್‌ಲ್ಯಾಂಡ್ಸ್‌ನಲ್ಲಿ ಕೆರೆಗಳನ್ನು ಬತ್ತಿಸಿ ಮಾಡಿದ ಕೃಷಿಭೂಮಿಯ ಹಳೆಯ ನಕ್ಷೆಗಳ ಬಗ್ಗೆ ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದೆ. ಮೊದಲ ಭಾಗ ಹೊಸಬರಿಗೆ; ಕೊನೆಯ ಭಾಗ ಒಂದೆರಡು ನಕ್ಷೆಗಳನ್ನಾದರೂ ಹತ್ತಿರದಿಂದ ನೋಡಿದವರಿಗೆ.

## ಮೊದಲ ಪರಿಚಯ

ಪೋಲ್ಡರ್ ಎಂದರೆ ಸಮುದ್ರಕ್ಕೆ ಮಣ್ಣು ತುಂಬಿಸಿ ಮಾಡಿದ ಜಮೀನು ತಾನೇ?

ಅಲ್ಲ. ಮಣ್ಣು ತುಂಬಿಸಿದರೆ ನೆಲ ಎತ್ತರವಾಗುತ್ತದೆ. ಪೋಲ್ಡರ್ ಸುತ್ತಲಿನ ನೀರಿಗಿಂತ ತಗ್ಗಿನಲ್ಲಿಯೇ ಇರುತ್ತದೆ. ಕೆರೆಯ ಸುತ್ತ ಏರಿ ಕಟ್ಟಿ, ಏರಿಯ ಹೊರಗೆ ಉಂಗುರದಂತೆ ಒಂದು ಕಾಲುವೆ ತೋಡಿ, ಒಳಗಿನ ನೀರನ್ನು ಗಾಳಿಗಿರಣಿಗಳಿಂದ ಎತ್ತಿ ಆ ಕಾಲುವೆಗೆ ಹಾಕುತ್ತಾರೆ. ಕಾಲುವೆಯ ನೀರು ಮುಂದೆ ತೂಬುಗಳ ಮೂಲಕ ಸಮುದ್ರದ ಕಡೆಗೆ ಹೋಗುತ್ತದೆ. ಹೀಗೆ ಬರಿದಾದ ಕೆರೆಯ ತಳವೇ ಹೊಲವಾಗುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಉತ್ತರಕ್ಕಿರುವ ಬೇಮ್‌ಸ್ಟರ್ ಪೋಲ್ಡರ್‌ನ ನೆಲ ಸಮುದ್ರಮಟ್ಟಕ್ಕಿಂತ ಸುಮಾರು ಮೂರೂವರೆ ಮೀಟರ್ ಕೆಳಗಿದೆ.

ಅಘನಾಶಿನಿಯ ಅಳಿವೆಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳನ್ನು ಕಂಡವರಿಗೆ ಏರಿ ಮತ್ತು ತೂಬಿನ ಲೆಕ್ಕ ಬೇಗ ಅರ್ಥವಾಗುತ್ತದೆ. ಆದರೆ ಗಜನಿಯಲ್ಲಿ ಇಳಿತದ ವೇಳೆ ತೂಬು ತೆರೆದರೆ ನೀರು ತಾನಾಗಿ ಹೊರಗೆ ಹರಿಯುತ್ತದೆ. ಬತ್ತಿಸಿದ ಕೆರೆಯಲ್ಲಿ ಆ ಸೌಕರ್ಯವಿಲ್ಲ. ಮಳೆಯ ನೀರು, ಬಸಿಯುವ ನೀರು ಎರಡನ್ನೂ ವರ್ಷವಿಡೀ ಎತ್ತುತ್ತಲೇ ಇರಬೇಕು. ಆ ಖರ್ಚನ್ನು ಯಾರು ಎಷ್ಟು ಕೊಡಬೇಕು ಎಂಬ ಪ್ರಶ್ನೆ ಎಂದೂ ಮುಗಿಯುವುದಿಲ್ಲವಾದ್ದರಿಂದ ಯಾರ ಜಮೀನು ಎಲ್ಲಿ, ಎಷ್ಟು ಎಂಬುದರ ಖಚಿತವಾದ ಚಿತ್ರ ಅಲ್ಲಿನವರಿಗೆ ಬೇಕೇ ಬೇಕಾಯಿತು.

ಇಷ್ಟು ಕಷ್ಟಪಟ್ಟು ಕೆರೆಗಳನ್ನು ಬತ್ತಿಸುವ ಅಗತ್ಯವಾದರೂ ಏನಿತ್ತು?

ಎರಡು ಕಾರಣಗಳು ಒಟ್ಟಿಗೆ ಸೇರಿದವು. ಮೊದಲನೆಯದು ಭಯ. ಹಾಲಂಡ್ ಪ್ರಾಂತ್ಯದ ಬಹುಭಾಗ ಪೀಟ್ ಎಂಬ ಕೊಳೆತ ಸಸ್ಯಗಳ ಮಣ್ಣು. ಅದನ್ನು ಉರುವಲಿಗಾಗಿ ಅಗೆದಂತೆಲ್ಲ, ಬಸಿಗಾಲುವೆಗಳಿಂದ ಒಣಗಿಸಿದಂತೆಲ್ಲ ನೆಲ ಕುಸಿಯಿತು, ಬಿರುಗಾಳಿಗೆ ದಂಡೆಗಳು ಕರಗಿದವು, ಸಣ್ಣ ನೀರಿನ ಹೊಂಡಗಳು ಸೇರಿ ದೊಡ್ಡ ಕೆರೆಗಳಾದವು. ಎರಡನೆಯದು ಹಣ. 1600ರ ಆಸುಪಾಸಿನಲ್ಲಿ ಆಮ್‌ಸ್ಟರ್‌ಡ್ಯಾಮ್ ಬೆಳೆಯುತ್ತಿತ್ತು, ಆಹಾರಕ್ಕೆ ಒಳ್ಳೆಯ ಬೆಲೆಯಿತ್ತು, ವ್ಯಾಪಾರಿಗಳ ಕೈಯಲ್ಲಿ ಹೂಡಲು ಬಂಡವಾಳವಿತ್ತು.

ಬೇಮ್‌ಸ್ಟರ್ ಯೋಜನೆಗೆ 1607ರಲ್ಲಿ ಅನುಮತಿ ಸಿಕ್ಕಿತು. ಹೂಡಿಕೆದಾರರು 123 ಮಂದಿ. ಅವರ ಮುಂದಾಳುಗಳಲ್ಲಿ ಒಬ್ಬರಾದ ಡಿರ್ಕ್ ವಾನ್ ಓಸ್ ಡಚ್ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು. 1602ರಲ್ಲಿ ಆ ಕಂಪನಿಯ ಷೇರುಗಳಿಗೆ ಆಮ್‌ಸ್ಟರ್‌ಡ್ಯಾಮ್‌ನ ಜನ ಹೆಸರು ಬರೆಸಿದ್ದು ಅವರ ಮನೆಯಲ್ಲಿಯೇ. ಇದೇ ಕಂಪನಿ ಆ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಬಸರೂರಿನಲ್ಲಿ ಅಕ್ಕಿಯ ವ್ಯಾಪಾರಕ್ಕೆಂದು ಕೋಠಿ ಇಟ್ಟುಕೊಂಡಿತ್ತು. ಸಮುದ್ರ ವ್ಯಾಪಾರದಲ್ಲಿ ಪಳಗಿದವರೇ ಕೆರೆಯ ತಳದ ಮೇಲೂ ಹಣ ಹಾಕಿದರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಈ ನಕ್ಷೆಗಳ ಠೀವಿ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. 1610ರ ಜನವರಿಯಲ್ಲಿ ಏರಿ ಒಡೆದು ಅರ್ಧ ಆಗಿದ್ದ ಕೆಲಸವೆಲ್ಲ ಮತ್ತೆ ನೀರಿನ ಪಾಲಾಯಿತು. ಆದರೂ ಗಿರಣಿಗಳ ಸಂಖ್ಯೆಯನ್ನು 43ಕ್ಕೆ ಏರಿಸಿ 1612ರಲ್ಲಿ ಸುಮಾರು 7,200 ಹೆಕ್ಟೇರ್, ಎಂದರೆ ಹತ್ತಿರ ಹತ್ತಿರ 18 ಸಾವಿರ ಎಕರೆ ನೆಲವನ್ನು ಬತ್ತಿಸಿದರು. ಪುರ್‌ಮರ್ 1622ರಲ್ಲಿ, ವೋರ್ಮರ್ 1626ರಲ್ಲಿ, ಸ್ಖೆರ್ಮರ್ 1635ರಲ್ಲಿ ಅದರ ಹಿಂದೆಯೇ ಬಂದವು.

ಜಮೀನಿನ ಅಳತೆ ತೋರಿಸುವ ನಕ್ಷೆಗೆ ಹಸು, ದೇವತೆ, ಹೂಮಾಲೆ, ಲಾಂಛನ ಎಲ್ಲ ಏಕೆ? ಅದು ಬರೀ ಅಲಂಕಾರವಲ್ಲವೇ?

ಈ ಪುಟಕ್ಕೆ ಬರುವ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಅಲಂಕಾರವನ್ನು ಕಿತ್ತು ಹಾಕಿದರೆ ಆ ನಕ್ಷೆ ಮಾಡಬೇಕಾದ ಕೆಲಸದ ಅರ್ಧ ನಿಂತುಹೋಗುತ್ತದೆ.

ನಕ್ಷೆ ಮಾಡಿಸಿದವರು ಯಾರೆಂದು ನೋಡಿ. ಒಂದೋ ಹಣ ಹೂಡಿದ ಭೂಮಾಲೀಕರು, ಇಲ್ಲವೇ ಜಲಮಂಡಳಿಗಳು. ಜಲಮಂಡಳಿ ಎಂದರೆ ಏರಿ, ತೂಬು, ಕಾಲುವೆಗಳನ್ನು ನೋಡಿಕೊಂಡು ಅದಕ್ಕೆಂದೇ ತೆರಿಗೆ ಎತ್ತುವ ಸಂಸ್ಥೆ. ಲೈಡನ್ನಿನ ರೈನ್‌ಲ್ಯಾಂಡ್ ಮಂಡಳಿಯ ಉಲ್ಲೇಖ 13ನೇ ಶತಮಾನದಷ್ಟು ಹಿಂದೆಯೇ ಸಿಗುತ್ತದೆ. ಅದಕ್ಕೆ ಏರಿಯ ಮುಖ್ಯಸ್ಥನೊಬ್ಬ, ಅವನ ಜೊತೆಗೆ ಸದಸ್ಯರು. ಇವರಿಗೆ ರೈತರಿಂದ ಹಣ ವಸೂಲು ಮಾಡುವ, ದುರಸ್ತಿ ಮಾಡದವನಿಗೆ ದಂಡ ಹಾಕುವ ಅಧಿಕಾರವಿತ್ತು; ಪಕ್ಕದ ಮಂಡಳಿಯೊಡನೆ, ನಗರಗಳೊಡನೆ ನೀರು ಎಲ್ಲಿಗೆ ಬಿಡಬೇಕೆಂಬ ತಕರಾರು ಸದಾ ಇದ್ದದ್ದೇ. ಇಂಥ ಸಂಸ್ಥೆ ತನ್ನ ಸಭಾಂಗಣದ ಗೋಡೆಗೆ ತೂಗುಹಾಕುವ ನಕ್ಷೆ ಎರಡು ಮಾತುಗಳನ್ನು ಹೇಳಬೇಕು: ಇಲ್ಲಿಯವರೆಗಿನ ನೆಲ ನಮ್ಮ ಆಡಳಿತಕ್ಕೆ ಸೇರಿದ್ದು, ಮತ್ತು ಆಡಳಿತ ಎಂದರೆ ಇಂತಿಂಥ ಮನೆತನದವರು. ಮೊದಲ ಮಾತನ್ನು ಗಡಿರೇಖೆ ಹೇಳುತ್ತದೆ, ಎರಡನೆಯದನ್ನು ಅಂಚಿನಲ್ಲಿ ಸಾಲುಗಟ್ಟಿದ ಲಾಂಛನಗಳು.

ಶೀರ್ಷಿಕೆಯ ಸುತ್ತಲಿನ ಚಿತ್ರಕ್ಕೂ ಇಂಥದೇ ಕೆಲಸವಿದೆ. ಕೊಬ್ಬಿದ ಹಸು, ಹಾಲಿನ ಕೊಡ, ಗಿಣ್ಣಿನ ಉಂಡೆ, ಗೋಧಿಯ ತೆನೆ ಇವೆಲ್ಲ ಹಾಕಿದ ಹಣ ಫಲ ಕೊಟ್ಟಿದೆ ಎಂಬ ಘೋಷಣೆ. ಮೂಲೆಯಲ್ಲಿ ತ್ರಿಶೂಲ ಹಿಡಿದ ರೋಮನ್ನರ ಸಮುದ್ರದೇವತೆ ನೆಪ್ಚೂನ್ ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದ್ದರೆ ಅವನ ಸೊತ್ತು ಕೈಬಿಟ್ಟಿದೆ ಎಂದರ್ಥ. ರೆಕ್ಕೆಯ ಮಕ್ಕಳು ಅಳತೆಯ ಸರಪಳಿ ಎಳೆಯುತ್ತಿದ್ದರೆ ಅದು ಮೋಜಣಿಯ ನಿಖರತೆಗೆ ಕೊಟ್ಟ ಸಾಕ್ಷಿ. ಮುದ್ದಾಗಿದೆ ಎಂದು ನೋಡಿ ಮುಂದೆ ಹೋಗುವ ಭಾಗದಲ್ಲೇ ನಕ್ಷೆಯ ರಾಜಕೀಯವೆಲ್ಲ ಇರುವುದು.

ಇಂಥ ನಕ್ಷೆಗಳಲ್ಲಿ ಎಷ್ಟು ಬಗೆ?

ಸ್ಥೂಲವಾಗಿ ಮೂರು. ಒಂದೇ ಪೋಲ್ಡರ್‌ನ ಹಿಸ್ಸೆಗಳನ್ನು ತೋರಿಸುವ ನಕ್ಷೆ. ಇಡೀ ಜಲಮಂಡಳಿಯ ವ್ಯಾಪ್ತಿಯನ್ನು ಹಲವು ಹಾಳೆಗಳಲ್ಲಿ ಹರಡಿದ ಗೋಡೆ ನಕ್ಷೆ. ಇವುಗಳನ್ನೇ ಕುಗ್ಗಿಸಿ ಅಟ್ಲಾಸ್‌ಗಳಿಗೆ ಸೇರಿಸಿದ ಒಂಟಿ ಹಾಳೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಮೂರನೆಯದು.

## ಮೋಜಣಿ, ಕೆತ್ತನೆ, ಅಚ್ಚು

ಬೇಮ್‌ಸ್ಟರ್ ನಕ್ಷೆಯಲ್ಲಿ ಎಲ್ಲವೂ ಚೌಕ ಚೌಕ. ನೆಲ ನಿಜವಾಗಿಯೂ ಹಾಗಿತ್ತೇ, ಅಥವಾ ಚಂದಕ್ಕಾಗಿ ನೇರ ಮಾಡಿದರೇ?

ನೆಲವೇ ಹಾಗಿತ್ತು, ಇಂದಿಗೂ ಹಾಗೆಯೇ ಇದೆ. ಮೋಜಣಿದಾರ ಲೂಕಾಸ್ ಯಾನ್ಸ್ ಸಿಂಕ್ ಮತ್ತು ಅವರ ಜೊತೆಗಾರರು ಕೆರೆಯ ತಳವನ್ನು ಸುಮಾರು 185 ಮೀಟರ್ ಅಗಲ, 930 ಮೀಟರ್ ಉದ್ದದ ಹಿಸ್ಸೆಗಳಾಗಿ ವಿಂಗಡಿಸಿದರು. ಐದು ಹಿಸ್ಸೆ ಸೇರಿದರೆ ಒಂದು ಚೌಕ, ನಾಲ್ಕು ಚೌಕ ಸೇರಿದರೆ ಇನ್ನೂ ದೊಡ್ಡ ಚೌಕ. ಇದಕ್ಕೆ ತಕ್ಕಂತೆಯೇ ರಸ್ತೆಗಳು, ಕಾಲುವೆಗಳು. ಮೊದಲು ಊರು, ಆಮೇಲೆ ದಾರಿ, ಕೊನೆಗೆ ನಕ್ಷೆ ಎಂಬ ರೂಢಿಯ ಕ್ರಮ ಇಲ್ಲಿ ತಲೆಕೆಳಗು. ಕಾಗದದ ಮೇಲೆ ಎಳೆದ ಗೆರೆಯನ್ನು ಅನುಸರಿಸಿ ಕೆಸರಿನಲ್ಲಿ ಗುದ್ದಲಿ ಬಿತ್ತು.

ನಕ್ಷೆಯನ್ನು ಪರೀಕ್ಷಿಸಬೇಕೆಂದರೆ ನಡುವಿನ ಚೌಕಗಳನ್ನು ಬಿಟ್ಟು ಅಂಚನ್ನು ನೋಡಬೇಕು. ಹಳೆಯ ಕೆರೆಯ ದಂಡೆ ಅಂಕುಡೊಂಕು. ನೇರ ಗೆರೆಗಳು ಹೋಗಿ ಅದಕ್ಕೆ ತಾಗುವ ಕಡೆ ತ್ರಿಕೋನ, ಮೊಂಡು ಮೂಲೆ, ಕತ್ತರಿಸಿದ ತುಂಡುಗಳು ಹುಟ್ಟುತ್ತವೆ. ಒಳ್ಳೆಯ ನಕ್ಷೆಯಲ್ಲಿ ಈ ಚೂರುಗಳಿಗೂ ವಿಸ್ತೀರ್ಣ ಬರೆದಿರುತ್ತದೆ, ಏಕೆಂದರೆ ಅವುಗಳಿಗೂ ಮಾಲೀಕರಿದ್ದರು, ತೆರಿಗೆ ಇತ್ತು.

ಉಪಗ್ರಹವಿಲ್ಲದ ಕಾಲದಲ್ಲಿ ಇಷ್ಟು ಕರಾರುವಾಕ್ಕಾಗಿ ಅಳೆದದ್ದು ಹೇಗೆ?

ದೂರಕ್ಕೆ ಸರಪಳಿ ಮತ್ತು ಅಳತೆಕೋಲು, ಕೋನಕ್ಕೆ ಹಿತ್ತಾಳೆಯ ಉಪಕರಣ, ದೊಡ್ಡ ವಿಸ್ತಾರಕ್ಕೆ ತ್ರಿಕೋನಗಳ ಜಾಲ. ಎತ್ತರದ ಎರಡು ಬಿಂದುಗಳ ನಡುವಿನ ದೂರ ಗೊತ್ತಿದ್ದರೆ ಮೂರನೆಯದರ ಸ್ಥಾನವನ್ನು ಕೋನಗಳಿಂದಲೇ ಲೆಕ್ಕಹಾಕಬಹುದೆಂದು ಗಣಿತಜ್ಞ ಗೆಮ್ಮಾ ಫ್ರೀಸಿಯಸ್ 1533ರಲ್ಲಿ ವಿವರಿಸಿದ್ದರು. ಚಪ್ಪಟೆಯಾದ ಆ ನಾಡಿನಲ್ಲಿ ಪ್ರತಿ ಊರಿನ ಚರ್ಚಿನ ಗೋಪುರ ಮೈಲಿಗಟ್ಟಲೆ ದೂರಕ್ಕೆ ಕಾಣುವುದರಿಂದ ಈ ಉಪಾಯಕ್ಕೆ ಅದಕ್ಕಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ. ಡಚ್ ಗಣಿತಜ್ಞ ಸ್ನೆಲ್ಲಿಯಸ್ 1615ರ ಸುಮಾರಿಗೆ ಅಲ್ಕ್‌ಮಾರ್‌ನಿಂದ ಬೆರ್ಗೆನ್ ಒಪ್ ಝೋಮ್‌ವರೆಗೆ ಗೋಪುರದಿಂದ ಗೋಪುರಕ್ಕೆ ತ್ರಿಕೋನಗಳ ಸರಣಿಯನ್ನೇ ಕಟ್ಟಿದರು.

ಕಸುಬು ಬೆಳೆಯಲು ಇನ್ನೊಂದು ಕಾರಣ ಶಿಕ್ಷಣ. 1600ರಲ್ಲಿ ಲೈಡನ್ನಿನಲ್ಲಿ ಸೈಮನ್ ಸ್ಟೆವಿನ್ ರೂಪಿಸಿದ ಪಠ್ಯಕ್ರಮದಂತೆ ಎಂಜಿನಿಯರುಗಳಿಗೂ ಮೋಜಣಿದಾರರಿಗೂ ಲ್ಯಾಟಿನ್ನಿನ ಬದಲು ಜನರಾಡುವ ಡಚ್ ಭಾಷೆಯಲ್ಲಿ ಗಣಿತ ಕಲಿಸುವ ಶಾಲೆ ಶುರುವಾಯಿತು. ಯಾನ್ ಪೀಟರ್ಸ್ ಡೌ 1612ರಲ್ಲಿ ವಿವರಿಸಿದ ಹಾಲಂಡ್ ವೃತ್ತ ಎಂಬ ಕೋನಮಾಪಕ ಬಹುಕಾಲ ಈ ಕಸುಬಿನವರ ಕೈಯಲ್ಲಿತ್ತು.

ತಾಮ್ರದ ಮೇಲೆ ಕೆತ್ತುವುದು ಎಂದರೆ ನಿಖರವಾಗಿ ಏನು ಮಾಡುತ್ತಿದ್ದರು?

ಬಡಿದು ಮಟ್ಟಮಾಡಿ ಕನ್ನಡಿಯಂತೆ ಉಜ್ಜಿದ ತಾಮ್ರದ ತಗಡಿಗೆ ತೆಳುವಾಗಿ ಮೇಣ ಸವರಿ, ಮೋಜಣಿದಾರನ ಕರಡನ್ನು ಅದರ ಮೇಲೆ ತಿರುಗುಮುರುಗಾಗಿ ಇಳಿಸಿಕೊಳ್ಳುತ್ತಿದ್ದರು. ಕೆತ್ತುವವನು ಹಿಡಿಯುವ ಉಳಿ ಚೌಕ ಕಡ್ಡಿಯಂಥದ್ದು, ತುದಿಯನ್ನು ಓರೆಯಾಗಿ ಸಾಣೆ ಹಿಡಿದಿರುತ್ತದೆ. ಹಿಡಿಯ ಗುಂಡುಭಾಗ ಅಂಗೈಯಲ್ಲಿ ಕೂರುತ್ತದೆ. ಅದನ್ನು ಎಳೆಯುವುದಿಲ್ಲ, ಮುಂದಕ್ಕೆ ದೂಡುತ್ತಾರೆ. ತಾಮ್ರ ಸಣ್ಣ ಸುರುಳಿಯಾಗಿ ಎದ್ದು ಬರುತ್ತದೆ. ಬಾಗಿದ ಗೆರೆ ಬೇಕಾದಾಗ ಕೈ ತಿರುಗುವುದಕ್ಕಿಂತ ಹೆಚ್ಚಾಗಿ ಮರಳುತುಂಬಿದ ಚರ್ಮದ ದಿಂಬಿನ ಮೇಲಿರುವ ತಗಡೇ ತಿರುಗುತ್ತದೆ. ಒತ್ತಡ ಹೆಚ್ಚಿದರೆ ಗೆರೆ ಅಗಲ, ಕಡಿಮೆಯಾದರೆ ಕೂದಲೆಳೆ. ಅಕ್ಷರಗಳನ್ನೆಲ್ಲ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಾಣುವಂತೆ ಕೆತ್ತಬೇಕು. ಚಿತ್ರದ ಭಾಗಗಳಿಗೆ ಕೆಲವೊಮ್ಮೆ ಬೇರೆ ವಿಧಾನ: ಮೇಣದ ಲೇಪವನ್ನು ಸೂಜಿಯಿಂದ ಗೀಚಿ, ಆಮ್ಲ ಹೊಯ್ದು, ಗೆರೆಯನ್ನು ಆಮ್ಲದಿಂದಲೇ ತಿನ್ನಿಸುವುದು. ಮೋಡ, ಮರದ ಎಲೆ, ಹಸುವಿನ ಮೈ ಸಡಿಲವಾಗಿ ಹರಿದಂತಿದ್ದರೆ ಅದು ಆಮ್ಲದ ಕೆಲಸವಿರಬಹುದು. ಕಾಲುವೆಯ ಬಿಗಿಯಾದ ಜೋಡಿಗೆರೆ ಉಳಿಯದ್ದು.

ಅಚ್ಚಿನ ಹೊತ್ತಿಗೆ ತಗಡನ್ನು ಬಿಸಿಮಾಡಿ, ಕಾಯಿಸಿದ ಅಗಸೆ ಎಣ್ಣೆಗೆ ಮಸಿ ಬೆರೆಸಿದ ದಪ್ಪ ಶಾಯಿಯನ್ನು ಗೆರೆಗಳಲ್ಲಿ ತುಂಬಿ, ಮೇಲ್ಮೈಯನ್ನು ಮೊದಲು ಬಟ್ಟೆಯಿಂದ, ಕೊನೆಗೆ ಅಂಗೈಯಿಂದ ಒರೆಸುತ್ತಿದ್ದರು. ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಎರಡು ಉರುಳೆಗಳ ನಡುವೆ ಬಲವಾಗಿ ಹಾಯಿಸಿದಾಗ ಕಾಗದ ಗೆರೆಗಳ ಒಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಆದ್ದರಿಂದಲೇ ಮೂಲ ಪ್ರತಿಯಲ್ಲಿ ಶಾಯಿ ಕಾಗದದ ಮೇಲೆ ಅತಿ ಸಣ್ಣ ಏರಿನಂತೆ ನಿಂತಿರುತ್ತದೆ.

ಮೋಜಣಿದಾರ, ಕೆತ್ತನೆಗಾರ ಇಬ್ಬರೂ ಒಬ್ಬರೇ ಆಗಿದ್ದರೇ?

ಸಾಮಾನ್ಯವಾಗಿ ಬೇರೆ ಬೇರೆ. ಆದರೆ ಡೆಲ್ಫ್ಟ್‌ನ ಫ್ಲೋರಿಸ್ ಬಾಲ್ತಾಸರ್ಸ್ ಅಕ್ಕಸಾಲಿಗ, ಕೆತ್ತನೆಗಾರ, ಮೋಜಣಿದಾರ ಮೂರೂ ಆಗಿದ್ದರು. ಡೆಲ್ಫ್‌ಲ್ಯಾಂಡ್ ಮತ್ತು ಸ್ಖೀಲ್ಯಾಂಡ್ ಮಂಡಳಿಗಳ 1611ರ ನಕ್ಷೆಗಳು, ರೈನ್‌ಲ್ಯಾಂಡಿನ 1615ರ ನಕ್ಷೆ ಅವರ ಮನೆತನದ ಕೆಲಸ. ಮಗ ಬಾಲ್ತಾಸರ್ ಫ್ಲೋರಿಸ್ ವಾನ್ ಬೆರ್ಕೆನ್‌ರೋಡ 1625ರ ಆಮ್‌ಸ್ಟರ್‌ಡ್ಯಾಮ್ ಪಕ್ಷಿನೋಟದ ನಕ್ಷೆಯಿಂದ ಹೆಸರಾದವರು. 1644ರಲ್ಲಿ ಅಚ್ಚಾದ ಬೇಮ್‌ಸ್ಟರ್ ನಕ್ಷೆಯೂ ಅವರದೇ. ಅಂಥ ಮನೆಗಳಲ್ಲಿ ಅಳತೆಯ ಶಿಸ್ತೂ ಅಕ್ಕಸಾಲಿಗನ ಕೈಚಳಕವೂ ಒಂದೇ ಮೇಜಿನ ಮೇಲಿದ್ದವು.

ಬಣ್ಣವೂ ಅಚ್ಚಿನಲ್ಲೇ ಬರುತ್ತಿತ್ತೇ?

ಇಲ್ಲ, ಅಚ್ಚು ಕಪ್ಪು ಮಾತ್ರ. ಬಣ್ಣ ತುಂಬುವ ಕಸುಬಿನವರು ಬೇರೆಯೇ ಇದ್ದರು. ಗಿರಾಕಿ ಬಯಸಿ ಹಣ ಕೊಟ್ಟರೆ ಅಂಟಿನೊಡನೆ ಕಲಸಿದ ನೀರುಬಣ್ಣವನ್ನು ಕುಂಚದಿಂದ ಹಚ್ಚಿಕೊಡುತ್ತಿದ್ದರು. ಹೀಗಾಗಿ ಒಂದೇ ನಕ್ಷೆಯ ಎರಡು ಪ್ರತಿಗಳ ಬಣ್ಣ ಒಂದೇ ಬಗೆಯಾಗಿರುವುದು ಅಪರೂಪ. ಹುಲ್ಲುಗಾವಲಿನ ಹಸಿರಿಗೆ ಬಳಸುತ್ತಿದ್ದ ತಾಮ್ರದ ಕಿಲುಬು ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತದೆ. ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರೆ ಹಸಿರು ಹಚ್ಚಿದ ಗಡಿಯುದ್ದಕ್ಕೂ ಕಂದುಬಣ್ಣ ಮೂಡಿರುತ್ತದೆ, ತೀರಾ ಹಾಳಾದ ಪ್ರತಿಯಲ್ಲಿ ಕಾಗದ ಆ ಗೆರೆಯಗುಂಟ ಬಿರುಕು ಬಿಟ್ಟಿರುತ್ತದೆ.

ಗೋಡೆಯಷ್ಟು ದೊಡ್ಡ ನಕ್ಷೆಗೆ ಅಷ್ಟು ದೊಡ್ಡ ತಾಮ್ರದ ತಗಡು ಎಲ್ಲಿಂದ?

ಅಂಥ ತಗಡು ಇರಲಿಲ್ಲ. ನಕ್ಷೆಯನ್ನು ಹಾಳೆಗಳಾಗಿ ವಿಭಾಗಿಸಿ ಪ್ರತಿಯೊಂದಕ್ಕೂ ಬೇರೆ ತಗಡು ಕೆತ್ತುತ್ತಿದ್ದರು. ಯಾನ್ ಯಾನ್ಸ್ ಡೌ ಮತ್ತು ಸ್ಟೇವನ್ ವಾನ್ ಬ್ರೂಕ್‌ಹೌಸನ್ ಅಳೆದ 1647ರ ರೈನ್‌ಲ್ಯಾಂಡ್ ನಕ್ಷೆಗೆ 12 ಹಾಳೆ. ನಿಕೊಲಾಸ್ ಮತ್ತು ಯಾಕಬ್ ಕ್ರೌಕಿಯಸ್ ಸಹೋದರರ 1712ರ ಡೆಲ್ಫ್‌ಲ್ಯಾಂಡ್ ನಕ್ಷೆಗೆ 25. ಅಂಚುಗಳನ್ನು ಕತ್ತರಿಸಿ, ಜೋಡಿಸಿ, ನಾರುಬಟ್ಟೆಗೆ ಅಂಟಿಸಿ, ಮೇಲೆ ಕೆಳಗೆ ಕೋಲು ಹಾಕಿ, ವಾರ್ನಿಷ್ ಬಳಿದು ತೂಗುಹಾಕುತ್ತಿದ್ದರು. ಒಲೆಯ ಹೊಗೆ, ತೇವ, ಕಪ್ಪಾಗುವ ವಾರ್ನಿಷ್ ಇವೆಲ್ಲದರಿಂದ ಗೋಡೆಯ ಮೇಲಿದ್ದ ಪ್ರತಿಗಳು ಬೇಗ ಹಾಳಾದವು. ಬಿಡಿ ಹಾಳೆಗಳಾಗಿ ಪುಸ್ತಕದಂತೆ ಕಟ್ಟಿಟ್ಟವು ಚೆನ್ನಾಗಿ ಉಳಿದಿವೆ.

## ನಕ್ಷೆಯನ್ನು ಓದುವುದು

ಉತ್ತರ ದಿಕ್ಕು ಮೇಲಿಲ್ಲವಲ್ಲ, ತಪ್ಪಾಗಿ ಮುದ್ರಿಸಿದ್ದಾರೆಯೇ?

ತಪ್ಪಲ್ಲ. ಪೋಲ್ಡರ್‌ನ ಆಕಾರ ತಗಡಿಗೆ ಯಾವ ರೀತಿ ಚೆನ್ನಾಗಿ ಕೂರುತ್ತದೆಯೋ ಹಾಗೆ ತಿರುಗಿಸಿಕೊಳ್ಳುತ್ತಿದ್ದರು. ದಿಕ್ಕುಗಳನ್ನು ತೋರಿಸುವ ಹೂವಿನಾಕಾರದ ಚಿತ್ರದಲ್ಲಿ ಉತ್ತರಕ್ಕೆ ಲಿಲ್ಲಿ ಹೂವಿನ ಗುರುತು ಇರುತ್ತದೆ; ಓದುವ ಮೊದಲು ಅದನ್ನು ಹುಡುಕಿಕೊಳ್ಳಬೇಕು.

ಅಳತೆಪಟ್ಟಿಯಲ್ಲಿರುವ ರೂಡ, ಹಿಸ್ಸೆಗಳಲ್ಲಿರುವ ಮೊರ್ಗನ್ ಇವತ್ತಿನ ಲೆಕ್ಕದಲ್ಲಿ ಎಷ್ಟು?

ರೈನ್‌ಲ್ಯಾಂಡ್ ರೂಡ 12 ಅಡಿಯದು, ಸುಮಾರು 3.77 ಮೀಟರ್. ಆಮ್‌ಸ್ಟರ್‌ಡ್ಯಾಮ್ ರೂಡ 13 ಅಡಿಯದು, ಆದರೂ ಸುಮಾರು 3.68 ಮೀಟರ್ ಮಾತ್ರ, ಏಕೆಂದರೆ ಆ ಊರಿನ ಅಡಿಯೇ ಚಿಕ್ಕದು. ಪಟ್ಟಿಯ ಪಕ್ಕದಲ್ಲಿ ಯಾವ ಊರಿನ ರೂಡ ಎಂದು ಬರೆದಿರುವುದು ಇದಕ್ಕಾಗಿಯೇ. ರೈನ್‌ಲ್ಯಾಂಡ್ ಮೊರ್ಗನ್ ಎಂದರೆ 600 ಚದರ ರೂಡ, ಸುಮಾರು 0.85 ಹೆಕ್ಟೇರ್, ನಮ್ಮ ಎರಡು ಎಕರೆಗಿಂತ ತುಸು ಹೆಚ್ಚು. ಬೇಮ್‌ಸ್ಟರ್‌ನ ಒಂದು ಪೂರ್ಣ ಹಿಸ್ಸೆ 20 ಮೊರ್ಗನ್, ಎಂದರೆ 17 ಹೆಕ್ಟೇರ್‌ನಷ್ಟು.

ಅಂಚಿನಲ್ಲಿರುವ ಲಾಂಛನಗಳು ರಾಜಮನೆತನದವೇ?

ಬಹುಪಾಲು ಅಲ್ಲ. ಅವು ಜಲಮಂಡಳಿಯ ಮುಖ್ಯಸ್ಥ ಮತ್ತು ಸದಸ್ಯರವು, ಜೊತೆಗೆ ಆ ವ್ಯಾಪ್ತಿಯ ಊರುಗಳವು. ಹೊಸ ಸದಸ್ಯರು ಬಂದಂತೆ ಇವು ಬದಲಾಗಬೇಕಿತ್ತು; ನಕ್ಷೆಯ ನಡುಭಾಗ ಹಾಗೆಯೇ ಉಳಿದು ಅಂಚು ಮಾತ್ರ ಹೊಸದಾದ ಪ್ರತಿಗಳು ಸಿಗುವುದಕ್ಕೆ ಇದೇ ಕಾರಣ. ಖಾಲಿ ಗುರಾಣಿ ಕಂಡರೆ ಅದು ಮುಂದೆ ಬರುವವರಿಗಾಗಿ ಬಿಟ್ಟ ಜಾಗವೆಂದು ಊಹಿಸಬಹುದು.

ಏರಿಯ ಪಕ್ಕದಲ್ಲಿ ಗಾಳಿಗಿರಣಿಗಳು ಮೂರು ನಾಲ್ಕು ಒಟ್ಟಿಗೆ ನಿಂತಿವೆ. ಇದು ಚಿತ್ರಕಾರನ ಕಲ್ಪನೆಯೇ?

ಅಲ್ಲ, ಅದು ಎಂಜಿನಿಯರಿಂಗ್. ಆ ಕಾಲದ ಒಂದು ಗಿರಣಿಯ ಚಕ್ರ ನೀರನ್ನು ಒಂದು, ಒಂದೂವರೆ ಮೀಟರ್‌ನಷ್ಟು ಮಾತ್ರ ಎತ್ತಬಲ್ಲದಾಗಿತ್ತು. ಆಳದ ಕೆರೆಯಿಂದ ನೀರು ಮೇಲೆ ಬರಬೇಕಾದರೆ ಮೊದಲ ಗಿರಣಿ ಎತ್ತಿದ್ದನ್ನು ಎರಡನೆಯದು, ಎರಡನೆಯದು ಎತ್ತಿದ್ದನ್ನು ಮೂರನೆಯದು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿಸಬೇಕು. ಸ್ಖೆರ್ಮರ್ ಬತ್ತಿಸಲು 52 ಗಿರಣಿಗಳು ಬೇಕಾದವು. ಕೆತ್ತನೆಯಲ್ಲಿ ಪ್ರತಿ ಗಿರಣಿ ಬೆರಳುಗುರಿಗಿಂತ ಚಿಕ್ಕದು, ಆದರೂ ನಾಲ್ಕು ರೆಕ್ಕೆ, ಟೋಪಿಯಂಥ ಚಾವಣಿ, ತಿರುಗಿಸುವ ಬಾಲ ಸ್ಪಷ್ಟ. ನೆಲದ ಮೇಲಿನ ಉಳಿದೆಲ್ಲವನ್ನು ಮೇಲಿನಿಂದ ನೋಡಿದಂತೆ ಕೆತ್ತಿ ಗಿರಣಿ, ಚರ್ಚುಗಳನ್ನು ಮಾತ್ರ ಎದುರಿನಿಂದ ನೋಡಿದಂತೆ ನಿಲ್ಲಿಸುವುದು ಅಂದಿನ ರೂಢಿ. ಸ್ಥಾನ ಮಾತ್ರ ಅಳೆದದ್ದೇ.

ಗಿರಣಿಗಳ ಮಾತು ಬಂದಾಗ ಡಿ ರೈಪ್ ಊರಿನ ಯಾನ್ ಅಡ್ರಿಯಾನ್ಸ್ ಲೇಖ್‌ವಾಟರ್ (1575–1650) ಹೆಸರು ಬಂದೇ ಬರುತ್ತದೆ. ಗಿರಣಿ ಕಟ್ಟುವುದರಲ್ಲಿ ನಿಪುಣರು, ಬೇಮ್‌ಸ್ಟರ್‌ನಲ್ಲಿ ಗಿರಣಿಗಳ ಹೊಣೆ ಹೊತ್ತವರು. ಇಡೀ ಯೋಜನೆಯನ್ನೇ ಅವರೊಬ್ಬರ ಸಾಧನೆಯೆಂದು ಹೇಳುವ ಜನಪ್ರಿಯ ಕಥೆ ಮಾತ್ರ ಉತ್ಪ್ರೇಕ್ಷೆ.

ಈ ನಕ್ಷೆಗಳಲ್ಲಿ ಕಾಣಿಸದೇ ಇರುವುದು ಏನು?

ಏರಿಗೆ ಮಣ್ಣು ಹೊತ್ತವರು. ಕೆರೆಯಲ್ಲಿ ಮೀನು ಹಿಡಿದು, ದೋಣಿ ನಡೆಸಿ ಬದುಕಿದ್ದವರು ಕೆರೆಯ ಜೊತೆಗೇ ಕಳೆದುಕೊಂಡ ಜೀವನೋಪಾಯ. ಶೀರ್ಷಿಕೆಯ ಪಕ್ಕದಲ್ಲಿ ಬಲೆ ಹಿಡಿದ ಬೆಸ್ತನೊಬ್ಬ ಬಂದರೂ ಅವನು ಅಲಂಕಾರವಾಗಿ ಬರುತ್ತಾನೆ, ಹಿಸ್ಸೆಯ ಮಾಲೀಕನಾಗಿ ಅಲ್ಲ. ಹಿಸ್ಸೆಯ ಮೇಲೆ ಹೆಸರು ಬರೆದಿದ್ದರೆ ಅದು ಭೂಮಾಲೀಕನದು. ಆ ಜಮೀನಿನಲ್ಲಿ ನಿಜವಾಗಿ ದುಡಿದ ಗೇಣಿದಾರನದು ಅಲ್ಲ. ಹಣ ಕೊಟ್ಟವರ ನಕ್ಷೆ ಹಣ ಕೊಟ್ಟವರನ್ನು ತೋರಿಸುತ್ತದೆ ಎಂಬುದು ಸಹಜವೇ, ಆದರೆ ಸಾಮಾಜಿಕ ಇತಿಹಾಸಕ್ಕೆ ಈ ನಕ್ಷೆಗಳನ್ನಷ್ಟೇ ನೆಚ್ಚಿಕೊಳ್ಳುವವರು ಇದನ್ನು ಮರೆಯಬಾರದು.

## ಹೆಚ್ಚು ತಿಳಿದವರಿಗೆ

ಒಂದೇ ನಕ್ಷೆಯ ಎರಡು ಪ್ರತಿಗಳಲ್ಲಿ ವಿವರಗಳು ಬೇರೆ ಬೇರೆ ಇವೆ. ಯಾವುದು ಸರಿ?

ಎರಡೂ ಸರಿ, ಕಾಲ ಬೇರೆ. ತಾಮ್ರದ ತಗಡು ಮಂಡಳಿಯ ಆಸ್ತಿಯಾಗಿ ದಶಕಗಟ್ಟಲೆ ಉಳಿಯುತ್ತಿತ್ತು. ತಿದ್ದುಪಡಿ ಬೇಕಾದಾಗ ಆ ಜಾಗವನ್ನು ಕೆರೆದು, ಹಿಂಬದಿಯಿಂದ ಸುತ್ತಿಗೆಯಲ್ಲಿ ಬಡಿದು ಮೇಲೆತ್ತಿ, ನಯಮಾಡಿ ಹೊಸ ಗೆರೆ ಕೆತ್ತುತ್ತಿದ್ದರು. 1647ರ ರೈನ್‌ಲ್ಯಾಂಡ್ ನಕ್ಷೆ 1687ರಲ್ಲಿ ಮತ್ತೆ ಬಂತು. 1746ರಲ್ಲಿ ಮಂಡಳಿಯ ಮೋಜಣಿದಾರ ಮೆಲ್ಕಿಯೋರ್ ಬೋಲ್‌ಸ್ತ್ರಾ ಪರಿಷ್ಕರಿಸಿದ ರೂಪದಲ್ಲಿ ಮತ್ತೊಮ್ಮೆ ಬಂತು. ಹಳೆಯ ಗೆರೆ ಪೂರ್ತಿ ಅಳಿಯದೆ ಹೊಸ ಗೆರೆಯ ಹಿಂದೆ ಮಸುಕಾಗಿ ಉಳಿದದ್ದನ್ನು ಭೂತಗನ್ನಡಿಯಲ್ಲಿ ಹುಡುಕುವುದು ಈ ಹವ್ಯಾಸದ ಅತ್ಯಂತ ಸುಖದ ಭಾಗವೆಂದು ನನ್ನ ಅಭಿಪ್ರಾಯ. ಬಿಳಿಯ ಬಯಲು ಬೂದಾಗಿ, ಸಣ್ಣ ಗೆರೆಗಳು ಸವೆದು ಕಾಣುತ್ತಿದ್ದರೆ ತಗಡು ದಣಿದ ಮೇಲೆ ತೆಗೆದ ಪ್ರತಿ ಎಂದು ತಿಳಿಯಬಹುದು.

ನೀರಿನ ಆಳವನ್ನೂ ಇವು ತೋರಿಸುತ್ತವೆಯೇ?

ಪೋಲ್ಡರ್ ನಕ್ಷೆಗಳ ಆಸಕ್ತಿ ಮುಖ್ಯವಾಗಿ ಗಡಿ, ವಿಸ್ತೀರ್ಣ, ಕಾಲುವೆಗಳಲ್ಲಿ. ಆದರೆ ಆಳವನ್ನು ಗೆರೆಯಿಂದ ತೋರಿಸುವ ವಿದ್ಯೆ ಬೆಳೆದದ್ದು ಇದೇ ಕಸುಬಿನವರ ಕೈಯಲ್ಲಿ. ಡೆಲ್ಫ್‌ಲ್ಯಾಂಡ್ ನಕ್ಷೆಯ ನಿಕೊಲಾಸ್ ಕ್ರೌಕಿಯಸ್ 1730ರ ಸುಮಾರಿಗೆ ಮೇರ್‌ವೇಡೆ ನದಿಯ ನಕ್ಷೆಯಲ್ಲಿ ಒಂದೇ ಆಳದ ಬಿಂದುಗಳನ್ನು ಗೆರೆಗಳಿಂದ ಸೇರಿಸಿ ಅಚ್ಚುಹಾಕಿಸಿದರು. ಇಂದು ಬೆಟ್ಟದ ನಕ್ಷೆಗಳಲ್ಲಿ ನಾವು ನೋಡುವ ಸಮೋನ್ನತಿ ರೇಖೆಗಳ ಪೂರ್ವಜರಲ್ಲಿ ಅದೂ ಒಂದು.

ಇನ್ನೂ ಬತ್ತಿಸದ ಕೆರೆಗೂ ಹಿಸ್ಸೆ ನಕ್ಷೆ ಇದೆ ಎಂದು ಕೇಳಿದೆ. ಅದು ಹೇಗೆ ಸಾಧ್ಯ?

ಹಾರ್ಲೆಮ್ ಕೆರೆಯ ವಿಷಯದಲ್ಲಿ ಇದು ಬಹುಕಾಲ ನಡೆಯಿತು. ಲೇಖ್‌ವಾಟರ್ 1641ರಲ್ಲೇ 160 ಗಿರಣಿಗಳಿಂದ ಅದನ್ನು ಬತ್ತಿಸಬಹುದೆಂದು ಯೋಜನೆ ಪ್ರಕಟಿಸಿದರು. ಆಮೇಲೆ ಎರಡು ಶತಮಾನಗಳ ಕಾಲ ಹೊಸ ಹೊಸ ಪ್ರಸ್ತಾಪಗಳು, ಪ್ರತಿಯೊಂದಕ್ಕೂ ನಕ್ಷೆ: ನೀಲಿ ನೀರಿನ ಮೇಲೆ ಇನ್ನೂ ಇಲ್ಲದ ರಸ್ತೆ, ಇನ್ನೂ ಇಲ್ಲದ ಹೊಲ. ಹೂಡಿಕೆದಾರರನ್ನು, ಸರ್ಕಾರವನ್ನು ಒಪ್ಪಿಸುವುದು ಅವುಗಳ ಉದ್ದೇಶ. ಇದಕ್ಕೆ ಎದುರಾಗಿ ಕೆರೆಯ ಹಳೆಯ ದಂಡೆಗಳನ್ನು ಒಂದರ ಹೊರಗೊಂದು ಗೆರೆ ಎಳೆದು ಎಷ್ಟು ನೆಲ ಕೊಚ್ಚಿಹೋಗಿದೆ ಎಂದು ತೋರಿಸುವ ನಕ್ಷೆಗಳೂ ಬಂದವು. ಬೆದರಿಕೆಯೂ ಒಂದು ವಾದವೇ ಅಲ್ಲವೇ? ಕೊನೆಗೆ ಕೆಲಸ ಮುಗಿಸಿದ್ದು ಗಾಳಿಯಲ್ಲ, ಹಬೆ. ಲೇಖ್‌ವಾಟರ್, ಕ್ರೌಕಿಯಸ್, ಲೈಂಡನ್ ಎಂದು ಹೆಸರಿಟ್ಟ ಮೂರು ಹಬೆಯಂತ್ರಗಳು 1852ರ ಹೊತ್ತಿಗೆ ಸುಮಾರು 18 ಸಾವಿರ ಹೆಕ್ಟೇರ್ ಕೆರೆಯನ್ನು ಬರಿದು ಮಾಡಿದವು. ಸ್ಖಿಪೋಲ್ ವಿಮಾನ ನಿಲ್ದಾಣ ಇಂದು ಅದರ ತಳದಲ್ಲಿದೆ.

ಆ ಹೊತ್ತಿಗೆ ತಾಮ್ರಕೆತ್ತನೆಯ ಕಾಲವೂ ಮುಗಿಯುತ್ತಿತ್ತು. 1832ರಿಂದ ದೇಶಕ್ಕೆಲ್ಲ ಒಂದೇ ಭೂದಾಖಲೆ ವ್ಯವಸ್ಥೆ ಬಂತು, ಕಲ್ಲಚ್ಚು ಅಗ್ಗವಾಯಿತು, ಮಂಡಳಿಯ ಮನೆತನಗಳಿಗೆ ಅಂಚಿನಲ್ಲಿ ಮೆರೆಯುವ ಹಕ್ಕೂ ಉಳಿಯಲಿಲ್ಲ.

ಪ್ರವಾಸದಲ್ಲಿ ಒಂದು ಬೇಮ್‌ಸ್ಟರ್ ನಕ್ಷೆ ಕೊಂಡೆ. ಅಸಲಿಯೋ ನಕಲೋ ತಿಳಿಯುವುದು ಹೇಗೆ?

ಚೌಕಟ್ಟಿನಿಂದ ಹೊರಗೆ ತೆಗೆಯದೆ ನಿರ್ಧರಿಸಬೇಡಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಒಂದು ಗೆರೆ ನೋಡಿ: ಚುಕ್ಕಿಗಳ ಜಾಲ ಕಂಡರೆ ಅದು ಆಧುನಿಕ ಮುದ್ರಣ, ಮಾತು ಅಲ್ಲಿಗೆ ಮುಗಿಯಿತು. ಗೆರೆ ಗಟ್ಟಿಯಾಗಿದ್ದು ತುದಿಯಲ್ಲಿ ಮೊನಚಾಗಿ ಮುಗಿದರೆ ಉಳಿಯ ಕೆಲಸವಿರಬಹುದು. ನಂತರ ಚಿತ್ರದ ಹೊರಗೆ ತಗಡಿನ ಅಂಚು ಒತ್ತಿದ ತಗ್ಗಿನ ಗುರುತು ಹುಡುಕಿ. ಹಾಳೆಯ ಅಂಚು ಕತ್ತರಿಸಿದ್ದರೆ ಅದು ಸಿಗದು. ಹಾಳೆಯನ್ನು ಬೆಳಕಿಗೆ ಹಿಡಿದರೆ ಚಿಂದಿಬಟ್ಟೆಯಿಂದ ಕೈಯಲ್ಲಿ ಮಾಡಿದ ಕಾಗದದಲ್ಲಿ ಜಾಲರಿಯ ಸಾಲುಗಳು, ಕೆಲವೊಮ್ಮೆ ನೀರಚ್ಚು ಕಾಣುತ್ತದೆ. ಒಂದು ಎಚ್ಚರಿಕೆ: ಉಳಿದುಕೊಂಡ ಹಳೆಯ ತಗಡಿನಿಂದ ಎಷ್ಟೋ ಕಾಲದ ನಂತರ ತೆಗೆದ ಪ್ರತಿಯಲ್ಲಿ ಕೆತ್ತನೆ ಅಸಲಿಯೇ ಆಗಿರುತ್ತದೆ, ಕಾಗದ ಮಾತ್ರ ಹೊಸದು. ಬಣ್ಣ ತೀರಾ ತಾಜಾ ಆಗಿದ್ದು ಹಿಂಬದಿಯಲ್ಲಿ ಹಸಿರಿನ ಕಂದು ಕಲೆ ಇಲ್ಲದಿದ್ದರೆ ಬಣ್ಣ ಇತ್ತೀಚಿನದಿರಬಹುದು. ಅದರಿಂದ ನಕ್ಷೆ ಸುಳ್ಳಾಗುವುದಿಲ್ಲ, ಬೆಲೆ ಇಳಿಯುತ್ತದೆ.

ಮಂಗಳೂರಿನ ಸೆಖೆಯಲ್ಲಿ ಇಂಥ ಹಾಳೆಯನ್ನು ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು, ಹೊರಗೋಡೆಗೆ ತೂಗುಹಾಕದಿದ್ದರೆ. ಮಳೆಗಾಲದಲ್ಲಿ ಹೊರಗೋಡೆ ತೇವ ಹೀರುತ್ತದೆ, ಚೌಕಟ್ಟಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಗಾಜಿಗೆ ಹಾಳೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಅಂಚು ಇರಲಿ, ಬಿಸಿಲು ಬೀಳದಿರಲಿ. ಸೆಲೋಟೇಪ್ ಹಚ್ಚಲೇಬೇಡಿ. ಲ್ಯಾಮಿನೇಷನ್ ಮಾಡಿಸುವ ವಿಚಾರವಿದ್ದರೆ ಅದಕ್ಕಿಂತ ಯಾರಿಗಾದರೂ ಕೊಟ್ಟುಬಿಡುವುದು ಮೇಲು.

ಕೊಳ್ಳುವ ಆಸೆ ಇಲ್ಲ, ನೋಡಬೇಕಷ್ಟೇ. ಎಲ್ಲಿ ನೋಡಬಹುದು?

ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ 19ನೇ ಶತಮಾನದ ಸಂಗ್ರಾಹಕ ಬೋಡೆಲ್ ನೈಯೆನ್‌ಹೌಸ್ ಬಿಟ್ಟುಹೋದ ಬೃಹತ್ ನಕ್ಷೆ ಸಂಗ್ರಹವಿದೆ. ಹೇಗ್‌ನ ರಾಷ್ಟ್ರೀಯ ಪತ್ರಾಗಾರ, ಹಾರ್ಲೆಮ್‌ನ ಉತ್ತರ ಹಾಲಂಡ್ ಪತ್ರಾಗಾರ, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಇವು ತಮ್ಮ ಸಂಗ್ರಹಗಳ ಸ್ಕ್ಯಾನ್ ಪ್ರತಿಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿವೆ. ಮನೆಯಲ್ಲೇ ಕುಳಿತು ಗಿರಣಿಯ ರೆಕ್ಕೆ ಎಣಿಸುವಷ್ಟು ದೊಡ್ಡದು ಮಾಡಿ ನೋಡಬಹುದು. ಬೇಮ್‌ಸ್ಟರ್ 1999ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಸ್ಕ್ಯಾನ್ ಪ್ರತಿಯನ್ನು ಒಂದು ಕಿಟಕಿಯಲ್ಲಿ, ಇಂದಿನ ಉಪಗ್ರಹ ಚಿತ್ರವನ್ನು ಪಕ್ಕದ ಕಿಟಕಿಯಲ್ಲಿ ತೆರೆದು ಮಿಡನ್‌ಬೇಮ್‌ಸ್ಟರ್ ಊರಿನಿಂದ ಶುರುಮಾಡಿ. ರಸ್ತೆಗಳು ಒಂದಕ್ಕೊಂದು ಹೊಂದಿಕೆಯಾಗಿ ಸಿಗುತ್ತಾ ಹೋಗುತ್ತವೆ.